ಕರ್ಡ್ ಎಂದರೆ ಮೊಸರಲ್ಲ

ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಹೋದದ್ದರಿಂದ ನನಗೆ ಕೆಲಸ ಸಿಕ್ಕಿತು ಎಂದರೆ ನಮ್ಮ ಅಮ್ಮ ಈಗಲೂ ನಂಬುವುದಿಲ್ಲ. "ಅವರು ಬಿಟ್ಟರೆ ನಿನಗೆಂಥದ್ದು ಮಾರಾಯ್ತಿ?" ಎಂದು ಉಡುಪಿಯಿಂದ ಫೋನಿನಲ್ಲಿ ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಮಸ್ಕತ್ತಿನ ರುವಿಯಲ್ಲಿ, ಮೊಬೈಲ್ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ, ಕಿಟಕಿ ತೆರೆದರೆ ಬೋಳು ಗುಡ್ಡವೊಂದೇ ಕಾಣುವ ಕೋಣೆಯಲ್ಲಿ ಕೂತು ನಾನು ಇಂಗ್ಲೆಂಡಿನ ಲಾರಿಗಳನ್ನು ಸಮುದ್ರ ದಾಟಿಸುತ್ತೇನೆ. ಒಂದೇ ಒಂದು ಲಾರಿಯನ್ನೂ ಕಣ್ಣಾರೆ ಕಂಡವಳಲ್ಲ. ಆ ದೇಶಕ್ಕೆ ಕಾಲಿಟ್ಟವಳೂ ಅಲ್ಲ.

ಅವರೆಲ್ಲ ಒಂದೇ ಒಕ್ಕೂಟದಲ್ಲಿದ್ದಾಗ ಇಂಗ್ಲೆಂಡಿನ ಲಾರಿ ಫ್ರಾನ್ಸಿಗೆ ಹೋಗುವುದೆಂದರೆ ಉಡುಪಿಯ ಲಾರಿ ಮಂಗಳೂರಿಗೆ ಹೋದ ಹಾಗೆ. ಡ್ರೈವರ್ ಹತ್ತಿರ ಒಂದು ಬಿಲ್ಲಿದ್ದರೆ ಮುಗಿಯಿತು. ಬಿಟ್ಟ ಮೇಲೆ ಹಾಗಲ್ಲ. ಒಳಗಿರುವ ಒಂದೊಂದು ಸಾಮಾನಿಗೂ ಅದು ಏನು, ಎಷ್ಟು ತೂಕ, ಯಾವ ದೇಶದಲ್ಲಿ ಆದದ್ದು, ಅದರ ಕೋಡ್ ನಂಬರ್ ಯಾವುದು ಎಂದು ಕಸ್ಟಮ್ಸಿಗೆ ಮೊದಲೇ ಬರೆದು ಕೊಡಬೇಕು. ಹಾಲಿನದ್ದೋ ಮಾಂಸದ್ದೋ ಆದರೆ ಪಶುವೈದ್ಯರು ಬಂದು ನೋಡಿ ಸಹಿ ಹಾಕಬೇಕು. ನೂರು ಪೆಟ್ಟಿಗೆ ಕಳಿಸುವ ದೊಡ್ಡ ಕಂಪನಿಗೂ ಅಷ್ಟೇ ಸಹಿ, ನಾಲ್ಕು ಪೆಟ್ಟಿಗೆ ಕಳಿಸುವ ಬಡಪಾಯಿಗೂ ಅಷ್ಟೇ ಸಹಿ. ಚಿಕ್ಕ ವ್ಯಾಪಾರಿಗಳ ಕಡತ ಬಂದಾಗ ವೈದ್ಯರ ಫೀಸು, ಏಜೆಂಟರ ಫೀಸು ಎಲ್ಲ ನೋಡಿ ನನ್ನ ಕರುಳು ಚುರುಕ್ ಎನ್ನುತ್ತಿತ್ತು. ಇಷ್ಟು ಕೊಟ್ಟ ಮೇಲೆ ಇವರಿಗೆ ಉಳಿಯುವುದು ಎಂಥದ್ದು?

ಈ ಕೆಲಸ ಬಲ್ಲವರು ಅಲ್ಲಿ ಇರಲಿಲ್ಲವಂತೆ. ಇರುವುದಾದರೂ ಹೇಗೆ? ಒಂದಿಡೀ ತಲೆಮಾರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಅಲ್ಲಿನ ಒಂದು ಏಜೆನ್ಸಿಯವರು ಕಡತಗಳ ರಾಶಿಯಲ್ಲಿ ಮುಳುಗಿ ಕೈ ಚೆಲ್ಲಿದಾಗ, ಅವರ ಜೊತೆ ಹಳೆಯ ವ್ಯವಹಾರವಿದ್ದ ನಮ್ಮ ಅರ್ಬಾಬ್, ಅಂದರೆ ನಮ್ಮ ಒಮಾನಿ ಧಣಿ, "ನನ್ನಲ್ಲಿ ಜನ ಇದ್ದಾರೆ, ಕಳಿಸಿ" ಎಂದುಬಿಟ್ಟರು. ಅವರು ಹಾಗೆ ಹೇಳಿದಾಗ ಅವರಲ್ಲಿ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಆಮೇಲೆ ಹುಡುಕಿ ಹಿಡಿದದ್ದು ಇಬ್ಬರನ್ನು. ಒಬ್ಬಳು ನಾನು. ಮಗುವಾದ ಮೇಲೆ ಶಿಪ್ಪಿಂಗ್ ಆಫೀಸಿನ ಕೆಲಸ ಬಿಟ್ಟು ರುವಿಯ ಪಕ್ಕದ ದಾರ್ಸೈಟಿನ ಫ್ಲ್ಯಾಟಿನಲ್ಲಿ ತಳ ಊರಿದ್ದವಳು. ಗಂಡ ದೂರದ ಸೂರ್ ಎಂಬ ಕರಾವಳಿ ಊರಿನ ಹತ್ತಿರದ ಗ್ಯಾಸ್ ಪ್ಲಾಂಟಿನಲ್ಲಿ, ವಾರಕ್ಕೊಮ್ಮೆ ಬರುವವರು. ಇನ್ನೊಬ್ಬರು ಮೈಸೂರಿನ ಒಬ್ಬರು ಹಿರಿಯರು. ನಾನು ಅವರನ್ನು ಸಾರ್ ಎನ್ನುತ್ತೇನೆ, ಇಲ್ಲೂ ಹಾಗೇ ಕರೆಯುತ್ತೇನೆ.

ಸಾರ್ ಮೂವತ್ತು ವರ್ಷ ಲೆಕ್ಕ ತಪಾಸಣೆ ಮಾಡಿದವರು. ಇದ್ದ ಕಂಪನಿ ಬಾಗಿಲು ಹಾಕಿತು. ವೀಸಾ ಮುಗಿದು ಇಡೀ ಸಂಸಾರ ಗಂಟುಮೂಟೆ ಕಟ್ಟಬೇಕು ಎನ್ನುವಾಗ ಅರ್ಬಾಬ್ ಸಿಕ್ಕಿದರು. ಮಗಳು ದಾರ್ಸೈಟಿನ ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯ ಕ್ಲಾಸು. "ಇವಳ ಬೋರ್ಡ್ ಎಕ್ಸಾಮ್ ಒಂದು ಮುಗೀಲಿ ಮೇಡಂ, ಆಮೇಲೆ ನಮ್ಮನ್ನ ಎಲ್ಲಿಗೆ ಬೇಕಾದ್ರೂ ಒದ್ದು ಓಡಿಸ್ಲಿ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಪರೀಕ್ಷೆಗೆ ಮುಂಚೆ ಈ ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಹುಡುಗಿಯ ವರ್ಷ ಹೋಗುತ್ತದೆ. ನಮಗಿಬ್ಬರಿಗೂ ಇದು ಗೊತ್ತಿದ್ದ ಸಂಗತಿ.

ಕೆಲಸ ಉಳಿಯುವುದೋ ಹೋಗುವುದೋ ಎನ್ನುವುದು ನಿಂತಿದ್ದದ್ದು ಲಾಗಿನ್ ಮೇಲೆ. ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲಿ ಒಂದೊಂದು. ಕಳಿಸಿದ ಕಾಗದದಲ್ಲಿ ತಪ್ಪು ಸಿಕ್ಕಿದರೆ ತಿದ್ದಬಹುದು. ಆದರೆ ಬರೆದವರೇ ತಿದ್ದಬೇಕು, ಮತ್ತು ಒಬ್ಬರ ಹೆಸರಿನಲ್ಲಿ ಮೂರನೆಯ ತಿದ್ದುಪಡಿ ಬಿತ್ತೆಂದರೆ ಲಾಗಿನ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಏಜೆನ್ಸಿಯವರು ಮಾಡಿದ ನಿಯಮ ಇದು. ಅರ್ಬಾಬ್ ಇದನ್ನು ತಮ್ಮ ಹಿಂದಿಯಲ್ಲಿ ಇನ್ನೂ ಚಿಕ್ಕದು ಮಾಡಿ ಹೇಳಿದ್ದರು: "ಲಾಗಿನ್ ಗಯಾ, ಖಲಾಸ್." ಸಾರ್ ಮೊದಲ ತಿಂಗಳಲ್ಲೇ ಎರಡು ಕಳೆದುಕೊಂಡಿದ್ದರು. ಒಮ್ಮೆ ಪೆಟ್ಟಿಗೆಯ ತೂಕವನ್ನೂ ಸಾಮಾನಿನ ತೂಕಕ್ಕೆ ಸೇರಿಸಿದ್ದು, ಇನ್ನೊಮ್ಮೆ ಲಾರಿಯ ನಂಬರಿನಲ್ಲಿ ಸೊನ್ನೆಯನ್ನು ಇಂಗ್ಲಿಷಿನ ಓ ಎಂದು ಓದಿದ್ದು. ಆಮೇಲೆ ಅವರು ಕಳಿಸುವ ಮುಂಚೆ ಪ್ರತಿಯೊಂದನ್ನೂ ಬೆರಳಿಟ್ಟು ಓದುತ್ತಿದ್ದರು. ನನಗೆ ಎಷ್ಟೋ ಸಲ ಸಹನೆ ಕೆಡುತ್ತಿತ್ತು. "ಯಲ್ಲಾ, ಬೇಗ ಸಾರ್, ಅಲ್ಲಿ ಲಾರಿಗೆ ಬೇರು ಬಿಡ್ತಾ ಉಂಟು" ಎಂದು ರೇಗುತ್ತಿದ್ದೆ. "ಬಿಡ್ಲಿ ಬಿಡ್ರೀ" ಎಂದು ನಕ್ಕು ಮತ್ತೆ ಬೆರಳಿಡುತ್ತಿದ್ದರು.

ಅಲ್ಲಿಂದ ನಮ್ಮ ಜೊತೆ ಮಾತಾಡುತ್ತಿದ್ದದ್ದು ಏಜೆನ್ಸಿಯ ಒಬ್ಬ ಹೆಂಗಸು. ಪ್ರಾಯದವರಲ್ಲ, ಧ್ವನಿಯಲ್ಲಿ ಸ್ವಲ್ಪ ಕೆಮ್ಮು ಇರುತ್ತಿತ್ತು. ಎಲ್ಲರನ್ನೂ "ಲವ್" ಎಂದು ಕರೆಯುವವರು. ಅದು ಅವರ ಕಡೆಯ ಮಾತಿನ ರೀತಿ, ನಮ್ಮಲ್ಲಿ ಮಾರಾಯ್ರೇ ಎಂದ ಹಾಗೆ. ಆದರೆ ಮೊದಲ ಸಲ "ಮಾರ್ನಿಂಗ್, ಲವ್" ಎಂದಾಗ ಸಾರ್ ಕೆಂಪಾಗಿ ಫೋನನ್ನು ನನ್ನ ಕೈಗೆ ತುರುಕಿದರು. "ನೀವೇ ಮಾತಾಡಿ ಮೇಡಂ, ನಮ್ಮ ಮನೆಯವ್ರಿಗೆ ಗೊತ್ತಾದ್ರೆ ಕಷ್ಟ." ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಈ ಕೆಲಸದಲ್ಲಿ ನನಗೆ ಹಿಡಿದ ಬೆರಗು ಈವರೆಗೂ ಬಿಟ್ಟಿಲ್ಲ. ಲಾರಿಗಳು ಪರದೆಯ ಮೇಲಿನ ನಕ್ಷೆಯಲ್ಲಿ ನೀಲಿ ಚುಕ್ಕಿಗಳಾಗಿ ಓಡುತ್ತವೆ. ನಾನು ಇಲ್ಲಿ ಒಂದು ಗುಂಡಿ ಒತ್ತಿದರೆ ಅಲ್ಲಿ ಮಳೆಯಲ್ಲಿ ನಿಂತಿದ್ದ ಚುಕ್ಕಿ ಅಲುಗಾಡಿ ಹಡಗಿನ ಕಡೆ ಹೊರಡುತ್ತದೆ. ಅಬ್ಬಾ, ಎಂಥ ಲೋಕ ಇದು! ಎಲ್ಲಿಯೋ ಯಾರೋ ಓಟು ಹಾಕಿದರು, ಇಲ್ಲಿ ನನ್ನ ಮನೆಯ ಅನ್ನ ಬೇಯುವ ಹೊತ್ತು ಬದಲಾಯಿತು. ಗಂಡನ ಜೊತೆ ಸೂರಿಗೆ ಹೋದಾಗ ಅಲ್ಲಿ ಮರದ ಹಾಯಿಹಡಗು ಕಟ್ಟುವ ಜಾಗದಲ್ಲಿ ಸುಮ್ಮನೆ ನಿಲ್ಲುತ್ತೇನೆ. ಆ ಹಡಗುಗಳಿಗೆ ಮರ ಹಿಂದೆ ನಮ್ಮ ಕರಾವಳಿಯಿಂದಲೇ ಬರುತ್ತಿತ್ತಂತೆ. ಆ ಮರಕ್ಕೆ ಯಾರು ಕೋಡ್ ನಂಬರ್ ಬರೆದರು, ಯಾವ ಭಾಷೆಯಲ್ಲಿ ಅದರ ಹೆಸರು ಹೇಳಿದರು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಗಂಡ ಮಾತ್ರ "ನಡಿ ಮಾರಾಯ್ತಿ, ಬಿಸಿಲು" ಎನ್ನುತ್ತಾರೆ.

ನಡೆದದ್ದು ಒಂದು ಶುಕ್ರವಾರ. ಒಮಾನಿಗೆ ರಜೆ, ಇಂಗ್ಲೆಂಡಿಗೆ ಕೆಲಸದ ದಿನ, ಹಾಗಾಗಿ ನಮಗೂ ಕೆಲಸ. ಕೆಳಗೆ ಬೀದಿ ತುಂಬ ರಜೆಯಲ್ಲಿದ್ದ ಕೆಲಸಗಾರರ ಗದ್ದಲ. ನಾನು ಚಹಾಕ್ಕೆ ನೀರಿಟ್ಟು ಬಂದಾಗ ಸಾರ್ ಪರದೆಯ ಮುಂದೆ ಕಲ್ಲಾಗಿ ಕೂತಿದ್ದರು. ಕೈ ಮೇಜಿನ ಮೇಲೆ, ಬೆರಳು ಒಂದು ಪದದ ಮೇಲೆ.

"ಎಂಥ ಆಯ್ತು ಸಾರ್?"

"ಮೇಡಂ, ಕರ್ಡ್ ಅಂದ್ರೆ ಏನು?"

"ಮೊಸರು. ಮತ್ತೆಂಥದ್ದು?"

"ನಾನೂ ಹಂಗೇ ಅಂದ್ಕೊಂಡೆ ಕಣಮ್ಮಾ."

ಇಂಗ್ಲೆಂಡಿನ ಯಾವುದೋ ಹಳ್ಳಿಯ ಒಂದು ಚಿಕ್ಕ ಡೈರಿಯ ಮಾಲು ಅದು. ಗಂಡ ಹೆಂಡತಿ ಇಬ್ಬರೇ ನಡೆಸುವ ಡೈರಿ ಎಂದು ಕಡತದಿಂದಲೇ ತಿಳಿಯುತ್ತಿತ್ತು. ಬಿಲ್ಲಿನಲ್ಲಿ ಇದ್ದದ್ದು "ಕರ್ಡ್" ಎಂಬ ಒಂದೇ ಮಾತು. ಸಾರ್ ಅದಕ್ಕೆ ಮೊಸರಿನ ಕೋಡ್ ಹಾಕಿ, ಬೆರಳಿಟ್ಟು ಓದಿ, ಕಳಿಸಿದ್ದರು. ನಾನಿದ್ದರೂ ಅದನ್ನೇ ಹಾಕುತ್ತಿದ್ದೆ. ಹುಟ್ಟಿದಾಗಿನಿಂದ ಕರ್ಡ್ ರೈಸ್ ಎಂದರೆ ಮೊಸರನ್ನ. ಇಲ್ಲಿ ಲುಲು ಮಾರ್ಕೆಟಿನ ಡಬ್ಬದ ಮೇಲೆ ಕರ್ಡ್ ಎಂದಿದ್ದರೂ ನಾವು ಓದುವುದು ಮೊಸರು ಎಂದೇ. ಆದರೆ ಪಶುವೈದ್ಯರ ಸರ್ಟಿಫಿಕೇಟಿನ ನಕಲು ತಡವಾಗಿ ಬಂದಿತ್ತು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹಸಿ ಚೀಸು. ಅವರ ಊರಿನಲ್ಲಿ ಕರ್ಡ್ ಎಂದರೆ ಹಾಲು ಒಡೆಸಿ ನೀರು ಬಸಿದ ಗಟ್ಟಿ, ನಮ್ಮ ಪನೀರಿನ ಹತ್ತಿರದ ವಸ್ತು. ಅದರ ಕೋಡೇ ಬೇರೆ. ವೈದ್ಯರ ಕಾಗದ ಚೀಸು ಎನ್ನುತ್ತದೆ, ನಮ್ಮ ಕಾಗದ ಮೊಸರು ಎನ್ನುತ್ತದೆ. ಆಚೆ ದಡದಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಲಾರಿ ನಿಂತ ಹಾಗೇ ಲೆಕ್ಕ, ಮಾಲು ಕಸದ ತೊಟ್ಟಿಗೆ.

ನಕ್ಷೆಯಲ್ಲಿ ನೀಲಿ ಚುಕ್ಕಿ ಬಂದರಿನ ಕಡೆ ಹೋಗುತ್ತಲೇ ಇತ್ತು.

"ಅವರಿಗೆ ಫೋನ್ ಮಾಡುವ" ಎಂದೆ. ಏಜೆನ್ಸಿಗೆ ಫೋನ್ ಮಾಡಿದರೆ ಸಂಗೀತ. ಎಲ್ಲರೂ ಬೇರೆ ಕರೆಗಳಲ್ಲಿ ಇದ್ದಾರೆ, ದಯವಿಟ್ಟು ಕಾಯಿರಿ. ಮತ್ತೆ ಸಂಗೀತ. ಜನ ಇಲ್ಲದ ಆಫೀಸಿನ ಸಂಗೀತ ಎಷ್ಟು ಹೊತ್ತು ಕೇಳುವುದು? ನನ್ನ ತಲೆ ಕೆಟ್ಟಿತು. ಫೋನನ್ನು ಸ್ಪೀಕರಿನಲ್ಲಿಟ್ಟು ಬಾಯಿಗೆ ಬಂದ ಹಾಗೆ ಬೈದೆ. ಒಕ್ಕೂಟ ಬಿಟ್ಟವರಿಗೆ ಬೈದೆ, ಕರ್ಡ್ ಎಂದು ಹೆಸರಿಟ್ಟವರಿಗೆ ಬೈದೆ, ಪನೀರಿಗೆ ಪನೀರ್ ಎನ್ನಲು ಇವರಿಗೆ ಏನು ಧಾಡಿ ಎಂದೆ.

"ನನ್ನ ಲಾಗಿನ್ನಿನಲ್ಲಿ ಒಂದು ತಿದ್ದುಪಡಿಯೂ ಇಲ್ಲ ಸಾರ್, ನಾನು ತಿದ್ದುತ್ತೇನೆ" ಎಂದು ನನ್ನ ಮೇಜಿಗೆ ಓಡಿ ಪ್ರಯತ್ನಿಸಿದೆ. ಆಗಲಿಲ್ಲ. ಬರೆದವರೇ ತಿದ್ದಬೇಕು ಎಂದು ಕೆಂಪು ಅಕ್ಷರ ಬಂತು.

ಎಲ್ಲ ಲಾರಿಗಳನ್ನೂ ಆಚೆ ದಡದವರು ತಡೆದು ನೋಡುವುದಿಲ್ಲ. ಎಷ್ಟೋ ಲಾರಿಗಳು ಹಾಗೇ ದಾಟಿಹೋಗುತ್ತವೆ. ಇದೂ ಹೋಗಬಹುದು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಸಾರ್ ತಲೆಯಲ್ಲೂ ಓಡುತ್ತಿತ್ತು. ನಾನೇ ಬಾಯಿ ಬಿಟ್ಟೆ. "ಹುಡುಗಿಯ ಪರೀಕ್ಷೆ ಉಂಟಲ್ಲ ಸಾರ್."

"ಹೂಂ" ಎಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಆದ್ರೆ ಮೇಡಂ, ಅಷ್ಟು ಹಾಲು. ಬೆಳಿಗ್ಗೆ ಎದ್ದು ಆ ಚಳೀಲಿ ಹಸು ಕರ್ದು, ಕಾಸಿ, ಒಡೆಸಿ ಮಾಡಿರ್ತಾರಲ್ರೀ. ನನ್ನ ಮನೇಲಿ ಒಂದು ಲೋಟ ಹಾಲು ಚೆಲ್ಲಿದ್ರೆ ನನಗೆ ಆಗಲ್ಲ. ಇಷ್ಟನ್ನ ಚೆಲ್ಲಿಸಿ ನಾನು ಹೆಂಗೆ ಮನೇಗ್ ಹೋಗ್ಲಿ?"

ತಿದ್ದುಪಡಿಯ ಪುಟ ತೆರೆದರು. ಕೋಡ್ ಬದಲಿಸಿದರು. ತಪ್ಪಿಗೆ ಕಾರಣ ಏನು ಎಂದು ಕೇಳುವ ಜಾಗದಲ್ಲಿ ಕೈಬೆರಳಿನ ತಪ್ಪು, ಗಣಕದ ತಪ್ಪು, ಬೇರೆಯವರು ಕೊಟ್ಟ ಕಾಗದದ ತಪ್ಪು ಎಂದು ಆರಿಸಿಕೊಳ್ಳಲು ಅವಕಾಶ ಇತ್ತು. ಬಿಲ್ಲಿನಲ್ಲಿ ಸರಿಯಾಗಿ ಬರೆದಿರಲಿಲ್ಲ ಎಂದು ಡೈರಿಯವರ ಮೇಲೆ ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲ. ಸಾರ್ 'ಇತರೆ' ಎನ್ನುವುದನ್ನು ಒತ್ತಿ ತಮ್ಮ ಇಂಗ್ಲಿಷಿನಲ್ಲಿ ಬರೆದರು: ನಮ್ಮ ಭಾಷೆಯವರು ಕರ್ಡ್ ಎಂದರೆ ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಅನ್ನಕ್ಕೆ ಕಲೆಸಿಕೊಳ್ಳುವ ಮೊಸರು ಎನ್ನುತ್ತೇವೆ. ನಿಮ್ಮ ಕರ್ಡ್ ಬೇರೆ ಎಂದು ನನಗೆ ಇವತ್ತು ತಿಳಿಯಿತು. ಡೈರಿಯವರದ್ದು ಏನೂ ತಪ್ಪಿಲ್ಲ.

ಗುಂಡಿ ಒತ್ತಿದರು. ತಿದ್ದಿದ ಕಾಗದದ ಹೊಸ ನಂಬರ್ ಬಂತು, ಡ್ರೈವರಿಗೆ ಹೋಯಿತು. ಅದರ ಬೆನ್ನಿಗೇ ಪರದೆ ಬೆಳ್ಳಗಾಗಿ, ಇನ್ನು ನಿಮಗೆ ಪ್ರವೇಶವಿಲ್ಲ ಎಂಬ ಒಂದು ಸಾಲು ಬಂತು. ಸಾರ್ ಅದನ್ನೂ ಬೆರಳಿಟ್ಟು ಓದಿದರು. ಆಮೇಲೆ ಗಣಕ ಮುಚ್ಚಿ, "ಚಹಾದ ನೀರು ಆರೋಯ್ತೇನೋ" ಎಂದರು. ನನಗೆ ಅಳು ಉಕ್ಕಿ ಬಂತು. ದೇವರೇ, ಇದೇ ಮನುಷ್ಯರನ್ನು ನಾನು ನಿಧಾನದವರು ಎಂದು ದಿನಾ ರೇಗಿಸುತ್ತಿದ್ದೆನಲ್ಲ! ತಮ್ಮ ಮಗಳ ವರ್ಷವನ್ನು ಒಂದು ಕಡೆ ಇಟ್ಟು, ಕಾಣದ ಊರಿನ ಕಾಣದ ಜನರ ಹಾಲನ್ನು ಒಂದು ಕಡೆ ಇಟ್ಟು ತೂಗಿ ನೋಡಿದವರ ಎದುರು ಕೂತಿದ್ದೇನೆ ಎಂದು ನನಗೆ ಆಗ ಹೊಳೆಯಿತು.

ನೀಲಿ ಚುಕ್ಕಿ ಬಂದರಿನಲ್ಲಿ ನಿಂತಿತು. ಆಮೇಲೆ ನೀರಿನ ಮೇಲೆ ಹೋಯಿತು. ಸಾರ್ ಮನೆಗೆ ಹೋಗಲು ಚೀಲ ತೆಗೆದುಕೊಂಡಿದ್ದರೂ ಹೋಗದೆ ನನ್ನ ಪರದೆಯಲ್ಲಿ ಅದನ್ನೇ ನೋಡುತ್ತ ನಿಂತಿದ್ದರು. ಚುಕ್ಕಿ ಆಚೆ ದಡ ಸೇರಿ, ಅಲ್ಲಿಯೂ ಸ್ವಲ್ಪ ನಿಂತು, ಮತ್ತೆ ರಸ್ತೆಗೆ ಇಳಿದಾಗ ಫೋನು ಬಡಿದುಕೊಂಡಿತು. ಅದೇ ಹೆಂಗಸು.

"ಅಲ್ಲಿ ತಡೆದು ಕಾಗದ ನೋಡಿದರಂತೆ, ಲವ್. ಎಲ್ಲ ಸರಿ ಇತ್ತು, ಬಿಟ್ಟರು" ಎಂದು ಇಂಗ್ಲಿಷಿನಲ್ಲಿ ಹೇಳಿ, "ಆ ಕಾರಣ ಬರೆದವರು ಯಾರು? ಅವರಿಗೆ ಕೊಡಿ" ಎಂದರು.

ನಾನು ಸ್ಪೀಕರಿಗೆ ಹಾಕಿದೆ. ಸಾರ್ ಚೀಲ ಕೆಳಗಿಟ್ಟು ನೆಟ್ಟಗೆ ನಿಂತು ಮಾತಾಡಿದರು, ಎದುರಿಗೆ ಮೇಲಧಿಕಾರಿ ಬಂದ ಹಾಗೆ. "ಸಾರಿ ಮೇಡಂ. ಮೈ ಮಿಸ್ಟೇಕ್."

ಆ ಕಡೆ ಕೆಮ್ಮು. ಆಮೇಲೆ ಅವರು ಹೇಳಿದ್ದನ್ನು ನಾನು ಮರೆಯುವುದಿಲ್ಲ. ತಾನು ಇಪ್ಪತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಇದ್ದವಳು ಎಂದರು. ಪಕ್ಕದ ಮೇಜಿನವನು ಕ್ಷೌರದ ಅಂಗಡಿ ಇಟ್ಟಿದ್ದನಂತೆ. ಅವನ ಆಚೆಯವಳು ಈಜು ಕಲಿಸುತ್ತಿದ್ದಳಂತೆ. ಒಕ್ಕೂಟ ಬಿಟ್ಟ ಮೇಲೆ ಈ ಕೆಲಸಕ್ಕೆ ಸಿಕ್ಕಿದವರನ್ನೆಲ್ಲ ಸೇರಿಸಿಕೊಂಡರು, ತರಬೇತಿ ಮುಗಿಯುವ ಮುಂಚೆ ಅರ್ಧ ಜನ ಓಡಿದರು, ಉಳಿದವರು ದಿನಾ ಬೆಳಿಗ್ಗೆ ಹೆದರಿಕೊಂಡೇ ಗಣಕ ತೆರೆಯುತ್ತೇವೆ ಎಂದರು. ನಾನು ಇಷ್ಟು ದಿನ ಆ ಕಡೆ ಎಲ್ಲ ಬಲ್ಲವರು ಕೂತಿದ್ದಾರೆ, ನಾವಿಬ್ಬರು ಮಾತ್ರ ಕತ್ತಲಲ್ಲಿ ತಡಕಾಡುವವರು ಎಂದುಕೊಂಡಿದ್ದೆ! ಒಂದು ಇಡೀ ದೇಶ ಅಡುಗೆಯವರನ್ನೂ ಕ್ಷೌರದವರನ್ನೂ ಕೂರಿಸಿಕೊಂಡು ತನ್ನದೇ ಗಡಿಯ ಅಕ್ಷರ ಕಲಿಯುತ್ತಿತ್ತು. ನಾನು ಬಾಯಿ ತೆರೆದು ಕೇಳುತ್ತಿದ್ದೆ.

"ನಿಮ್ಮ ಲಾಗಿನ್ ಮುಚ್ಚಿದ್ದು ಯಂತ್ರ. ಅದನ್ನು ತೆರೆಯುವ ಅಧಿಕಾರ ನನಗಿಲ್ಲ" ಎಂದರು. ಸಾರ್ ತಲೆ ಆಡಿಸಿದರು, ಆ ಕಡೆಯವರಿಗೆ ಕಾಣುತ್ತದೆ ಎನ್ನುವ ಹಾಗೆ. "ಆದರೆ ಹೊಸಬರನ್ನು ಸೇರಿಸುವ ಅಧಿಕಾರ ಇದೆ. ನನಗೆ ಜನ ಬೇಕು, ಯಾವಾಗಲೂ ಬೇಕು. ಸೋಮವಾರ ಒಬ್ಬ ಹೊಸಬರನ್ನು ಕೂರಿಸಿ. ನಿಮಗೆ ಹತ್ತಿರದಲ್ಲಿ ಯಾರಾದರೂ ಗೊತ್ತಾ? ವಯಸ್ಸಾಗಿದ್ದರೂ ಪರವಾಗಿಲ್ಲ. ಕರ್ಡ್ ಎಂದರೆ ಏನು ಎಂದು ತಿಳಿದವರಾದರೆ ಒಳ್ಳೆಯದು."

ಸಾರಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಮುಖ ನೋಡಿದರು. ನಾನು ಎರಡೂ ಕೈಯಲ್ಲಿ ಅವರನ್ನೇ ತೋರಿಸಿದೆ.

ಹೊಸಬರು ಎಂದರೆ ಹೊಸಬರೇ. ಮೊದಲಿನಿಂದ ತರಬೇತಿ, ಅಷ್ಟು ದಿನ ಕಲಿಯುವವರ ಸಂಬಳ, ಅದು ಅವರ ಮನೆ ಬಾಡಿಗೆಗೆ ಸಾಲುವುದೇ ಕಷ್ಟ. ಅರ್ಬಾಬಿಗೆ ನಾನೇ ಫೋನು ಮಾಡಿ ಎಲ್ಲ ಹೇಳಿದೆ. "ಲಾಗಿನ್ ಹೈ?" ಎಂದರು. "ಸೋಮವಾರ ಬರುತ್ತದೆ" ಎಂದೆ. "ಫಿರ್ ವೀಸಾ ಭೀ ಹೈ" ಎಂದು ಫೋನಿಟ್ಟರು.

ಸೋಮವಾರ ಸಾರ್ ಗರಿಗರಿ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು, ಹಣೆಗೆ ಇಲ್ಲಿನ ಕೃಷ್ಣನ ಗುಡಿಯ ಗಂಧ. ಹೊಸಬರ ವಿವರ ತುಂಬಿಸಬೇಕಾದವಳು ನಾನು. ಹೆಸರು ಬರೆದೆ, ವಯಸ್ಸು ಬರೆದೆ. ಅನುಭವ ಎಂಬಲ್ಲಿ ಕೈ ನಿಂತಿತು. ಹಳೆಯದನ್ನು ಬರೆದರೆ ಯಂತ್ರ ಮತ್ತೆ ಹಳೆಯ ಲಾಗಿನ್ನಿಗೇ ಗಂಟು ಹಾಕುತ್ತದೆ ಎಂದು ಆ ಹೆಂಗಸು ಮೊದಲೇ ಎಚ್ಚರಿಸಿದ್ದರು.

"ಬರೀರಿ ಮೇಡಂ, ಇಲ್ಲ ಅಂತ" ಎಂದರು ಸಾರ್.

ಮೂವತ್ತು ವರ್ಷಕ್ಕೆ ಇಲ್ಲ ಎಂದು ಬರೆದೆ. ಬರೆಯುವಾಗ ಅವರ ಕಡೆ ನೋಡಲಾಗದೆ, ಏನಾದರೂ ಮಾತಾಡಬೇಕೆಂದು, ಮನೆಯಲ್ಲಿ ಏನು ಹೇಳಿದಿರಿ ಎಂದು ಕೇಳಿದೆ.

"ಇದ್ದಿದ್ದು ಇದ್ದಂಗೇ ಹೇಳ್ದೆ. ನಿನ್ನ ಪರೀಕ್ಷೆ ಗೊತ್ತಿದ್ದೂ ಗುಂಡಿ ಒತ್ತಿದೆ ಕಣಮ್ಮಾ, ಕೆಲಸ ಹೋಗೋದ್ರಲ್ಲಿತ್ತು, ಉಳೀತು, ಸಂಬಳ ಮಾತ್ರ ಕಮ್ಮಿ ಅಂದೆ. ನಮ್ಮ ಮನೆಯವ್ರು ಬಾಡಿಗೆ ಲೆಕ್ಕ ಹಾಕಕ್ಕೆ ಕೂತ್ರು." ಕನ್ನಡಕ ಸರಿಮಾಡಿಕೊಂಡು, "ಮಗಳು ಒಂದೇ ಕೇಳಿದ್ಲು" ಎಂದರು. "'ಡಿಡ್ ದ ಮಿಲ್ಕ್ ರೀಚ್, ಅಪ್ಪಾ?' ಅಂತ. ಹೂಂ ಕಣೇ, ಮುಟ್ತು ಅಂದೆ. 'ಓಕೆ' ಅಂದು ಓದಕ್ಕೆ ಹೋದ್ಲು."

ಅವರ ಕನ್ನಡಕದ ಹಿಂದೆ ಕಣ್ಣು ಒದ್ದೆಯಾಗಿತ್ತು. ಮುಂದಿನ ಪ್ರಶ್ನೆ ಓದಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು.